ಕಮ್ಮಟದ ತಪ್ಪು, ಹುಣಸೆಹಣ್ಣಿನ ತಪ್ಪು

ಸರೋಜಿನಿ ನಗರದ ಹಳೆಯ ಸರ್ಕಾರಿ ವಸತಿಗೃಹವನ್ನು ತೆರವು ಮಾಡಿ ಹೊಸ ಬಹುಮಹಡಿ ಕಟ್ಟಡಕ್ಕೆ ನಾವು ಸಾಮಾನು ಸಾಗಿಸಿದ ದಿನ, ತಾಯಿಯವರ ದೇವರ ಪೆಟ್ಟಿಗೆಯ ತಳದಲ್ಲಿ ಒಂದು ನಯಾ ಪೈಸೆ ಕಣ್ಣಿಗೆ ಬಿತ್ತು. (ಈ ಬಡಾವಣೆಗೆ ಹಿಂದೆ ವಿನಯ ನಗರವೆಂಬ ಹೆಸರಿತ್ತೆಂಬುದು ಇಲ್ಲಿನ ಹೊಸ ನಿವಾಸಿಗಳಿಗೆ ತಿಳಿಯದು.) ಇಸವಿ 1957. ಹದಿನಾರು ಮಿಲಿಮೀಟರ್ ಅಗಲದ, ಒಂದೂವರೆ ಗ್ರಾಂ ತೂಕದ ಪುಟ್ಟ ಕಂಚಿನ ಬಿಲ್ಲೆ. ಅದರ ಮುದ್ರೆ ಮಾತ್ರ ಒಂದು ಬದಿಗೆ ಸರಿದು, ಇನ್ನೊಂದು ಬದಿಯಲ್ಲಿ ಬಿದಿಗೆಯ ಚಂದ್ರನಂತೆ ಬೋಳು ಅಂಚು ಉಳಿದಿತ್ತು. ಇಸವಿಯ ಕೆಳಗೆ ಯಾವ ಚಿಹ್ನೆಯೂ ಇರಲಿಲ್ಲ. ಹಾಗಾಗಿ ಅದು ಕಲ್ಕತ್ತೆಯ ಟಂಕಸಾಲೆಯದು. ಮುಂಬಯಿಯದಾಗಿದ್ದರೆ ವಜ್ರದ ಗುರುತು ಇರುತ್ತಿತ್ತು. ನಮ್ಮ ನೆರೆಯ ನೋಯ್ಡಾದ ಟಂಕಸಾಲೆ ಕೆಲಸ ಆರಂಭಿಸಿದ್ದು 1988ರಲ್ಲಿ. ಅದರ ಗುರುತು ಒಂದು ಚುಕ್ಕೆ.

1957ರ ಏಪ್ರಿಲ್ 1ರಂದು ಆಣೆಯ ಲೆಕ್ಕ ಹೋಗಿ ದಶಮಾಂಶದ ಲೆಕ್ಕ ಬಂದಿತು. ಹದಿನಾರು ಆಣೆಯ, ಅರವತ್ತನಾಲ್ಕು ಪೈಸೆಯ ರೂಪಾಯಿ ಅಂದಿನಿಂದ ನೂರು ನಯೇ ಪೈಸೆಯದಾಯಿತು. ಇಡೀ ದೇಶದ ಚಿಲ್ಲರೆಯನ್ನೇ ಬದಲಿಸಬೇಕಾಗಿದ್ದ ಆ ಕಾಲದಲ್ಲಿ ಯಂತ್ರಗಳು ಒಂದೇ ಸಮನೆ ಬಡಿದ ಲಕ್ಷೋಪಲಕ್ಷ ನಾಣ್ಯಗಳಲ್ಲಿ ಕೆಲವು ಓರೆಯಾದದ್ದು ಆಶ್ಚರ್ಯವಲ್ಲ. ಅವು ಪರೀಕ್ಷಕರ ಕಣ್ಣು ತಪ್ಪಿಸಿ ಚೀಲ ಸೇರಿ ಹೊರಬಂದದ್ದೇ ಆಶ್ಚರ್ಯ.

ದೋಷನಾಣ್ಯದ ಬೇಟೆಗಾರರು ಮೊದಲು ಕಲಿಯಬೇಕಾದದ್ದು ನಾಣ್ಯ ಹುಟ್ಟುವ ಬಗೆಯನ್ನು. ಲೋಹದ ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಅಂಚನ್ನು ಎಬ್ಬಿಸಿ, ಕಾಯಿಸಿ ಮೆದುಗೊಳಿಸಿ, ಕೊನೆಗೆ ಎರಡು ಅಚ್ಚುಗಳ ನಡುವೆ ಒಂದು ಉಂಗುರದೊಳಗಿಟ್ಟು ಒತ್ತುತ್ತಾರೆ. ಕತ್ತರಿ ಹಿಂದಿನ ತೂತಿನ ಮೇಲೆ ಬಿದ್ದರೆ ಬಿಲ್ಲೆಯ ಅಂಚು ಕಚ್ಚಿದಂತಾಗುತ್ತದೆ. ಉಂಗುರ ಕೈಕೊಟ್ಟರೆ ಲೋಹ ಹರಡಿ ನಾಣ್ಯ ಅಗಲವಾಗುತ್ತದೆ. ಬಿಲ್ಲೆ ತನ್ನ ಜಾಗದಲ್ಲಿ ಕೂರದಿದ್ದರೆ ನಮ್ಮ ನಯಾ ಪೈಸೆಯಂತೆ ಓರೆಯಾಗುತ್ತದೆ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡರೆ ಮುಂದಿನದರ ಮೇಲೆ ಅದೇ ಚಿತ್ರ ತಿರುಗುಮುರುಗಾಗಿ, ಒಳಕ್ಕೆ ತಗ್ಗಾಗಿ ಮೂಡುತ್ತದೆ. ಅಚ್ಚು ಬಿರುಕುಬಿಟ್ಟರೆ ನಾಣ್ಯದ ಮೇಲೆ ಉಬ್ಬುಗೆರೆ ಏಳುತ್ತದೆ. ತಗ್ಗುಗೆರೆ ಕಂಡರೆ ಅದು ಯಾರೋ ಗೀರಿದ್ದು. ಎರಡು ನಾಣ್ಯಗಳನ್ನು ಒಟ್ಟಿಗೆ ವೈಸಿನಲ್ಲಿ ಹಿಡಿದು ಬಿಗಿದು 'ತಿರುಗುಮುರುಗು' ತಯಾರಿಸುವವರೂ ಇದ್ದಾರೆ. ಆದರೆ ಅಂಥದರ ಹಿಂಬದಿಯ ಚಿತ್ರ ಜಜ್ಜಿಹೋಗಿ ಕಳ್ಳತನವನ್ನು ತಾನೇ ಹೇಳಿಬಿಡುತ್ತದೆ.

ತಪ್ಪಿನಂತೆ ಕಂಡದ್ದೆಲ್ಲ ತಪ್ಪೂ ಅಲ್ಲ. ನಮ್ಮದೇ ಮೈಸೂರು ಸೀಮೆಯ ಉದಾಹರಣೆ ಟಿಪ್ಪು ಸುಲ್ತಾನನ ನಾಣ್ಯಗಳು. ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1215 ಎಂಬುದನ್ನು 5121 ಎಂದು ಓದಿ ಗಾಬರಿಯಾದ ಹೊಸಬರನ್ನು ನಾವು ನೋಡಿದ್ದೇವೆ. ಇದಕ್ಕೆ ವಿರುದ್ಧವಾದದ್ದು 1911ರ ರೂಪಾಯಿ. ಅದರಲ್ಲಿ ಯಂತ್ರ ತಪ್ಪಲಿಲ್ಲ, ಚಿತ್ರವೇ ತಪ್ಪಿತು. ಐದನೆಯ ಜಾರ್ಜನ ಮೇಲಂಗಿಯ ಪದಕಮಾಲೆಯಲ್ಲಿದ್ದ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡು ಗದ್ದಲವಾಯಿತು. ಚಲಾವಣೆಗೆ ಬಂದಿದ್ದ ಏಳು ಲಕ್ಷ ನಾಣ್ಯಗಳಲ್ಲಿ ಬಹುಪಾಲನ್ನು ಹಿಂಪಡೆದು, 1912ರಲ್ಲಿ ಆನೆಯನ್ನು ತಿದ್ದಿದರು. 1911ರ ಡಿಸೆಂಬರಿನ ದರ್ಬಾರಿನಲ್ಲಿ ಆ ದೊರೆಯೇ ರಾಜಧಾನಿಯನ್ನು ದೆಹಲಿಗೆ ಬದಲಿಸುವುದಾಗಿ ಸಾರಿದನು. ಸರ್ಕಾರಿ ನೌಕರರಾದ ನಾವು ಇಂದು ಇಲ್ಲಿರುವುದಕ್ಕೆ ಅದೂ ಒಂದು ಕಾರಣ.

ನಾಣ್ಯ ನಿಜವೋ ಅಲ್ಲವೋ ಎಂದು ಹೇಳುವ ಅಧಿಕಾರ ಯಾರದು? ಕನ್ನಡದಲ್ಲಿ ನಾಣ್ಯ ಅಚ್ಚಾಗುವ ಮನೆಗೆ ಕಮ್ಮಟ, ಅದನ್ನು ಪರೀಕ್ಷಿಸುವವನಿಗೆ ನೋಟಗಾರ ಎಂಬ ಚೆಂದದ ಮಾತುಗಳಿವೆ. ದೆಹಲಿಯ ನೋಟಗಾರರಲ್ಲಿ ಹೆಸರು ಉಳಿಸಿಕೊಂಡವನು ಠಕ್ಕರ ಫೇರು. ಜೈನನಾದ ಈತ ಖಿಲ್ಜಿಗಳ ಕಾಲದಲ್ಲಿ ಇಲ್ಲಿನ ಟಂಕಸಾಲೆಯಲ್ಲಿ ಕೆಲಸಮಾಡಿ, 1318ರಲ್ಲಿ 'ದ್ರವ್ಯಪರೀಕ್ಷಾ' ಎಂಬ ಪದ್ಯಗ್ರಂಥವನ್ನು ಬರೆದನು. ನಾನಾ ಅರಸರ ನಾಣ್ಯಗಳ ತೂಕ, ಅವುಗಳಲ್ಲಿನ ಬೆಳ್ಳಿಬಂಗಾರದ ಪ್ರಮಾಣ, ವಿನಿಮಯದ ಬೆಲೆ ಎಲ್ಲವೂ ಅದರಲ್ಲಿವೆ. ಅದಕ್ಕೆ ಏಳು ವರ್ಷ ಹಿಂದೆ, 1311ರಲ್ಲಿ, ಮಲಿಕ್ ಕಾಫರ್ ದೋರಸಮುದ್ರದಿಂದ ದೋಚಿದ ಸಂಪತ್ತು ಇದೇ ಊರಿಗೆ ಬಂದಿತ್ತು. ಫೇರುವಿನ ಒರೆಗಲ್ಲಿನ ಮೇಲೆ ಹೊಯ್ಸಳರ ಹೊನ್ನು ಉಜ್ಜಿಕೊಂಡಿತೇ ಎಂಬ ಪ್ರಶ್ನೆ ಕನ್ನಡಿಗರಾದ ನಮ್ಮನ್ನು ಬಿಡುವುದಿಲ್ಲ.

ಇಂದಿನ ನೋಟಗಾರರು ಅಮೆರಿಕದಲ್ಲಿದ್ದಾರೆ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಹುಟ್ಟಿಕೊಂಡವು. ನಾಣ್ಯವನ್ನು ಪರೀಕ್ಷಿಸಿ, ಒಂದರಿಂದ ಎಪ್ಪತ್ತರವರೆಗೆ ಅಂಕಿ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತಾರೆ. ಟಂಕಸಾಲೆಯ ದೋಷವೆಂದು ಖಚಿತವಾದರೆ ಅದನ್ನೂ ಚೀಟಿಯಲ್ಲಿ ನಮೂದಿಸುತ್ತಾರೆ. ಎಪ್ಪತ್ತರ ಈ ಅಳತೆಗೋಲನ್ನು 1949ರಲ್ಲಿ ರೂಪಿಸಿದವನು ವಿಲಿಯಂ ಶೆಲ್ಡನ್ ಎಂಬ ಮನೋವಿಜ್ಞಾನಿ. ತೀರ ಸವೆದ ಹಳೆಯ ತಾಮ್ರದ ಸೆಂಟಿಗೆ ಒಂದು ಡಾಲರಾದರೆ ಪರಿಪೂರ್ಣವಾದದ್ದಕ್ಕೆ ಎಪ್ಪತ್ತು ಎಂಬ ಮಾರುಕಟ್ಟೆಯ ಲೆಕ್ಕವೇ ಅದರ ಮೂಲ. ಅದೇ ಶೆಲ್ಡನ್ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದ ಉತ್ತಮ ಸೆಂಟುಗಳನ್ನು ತೆಗೆದುಕೊಂಡು ಕೀಳು ನಾಣ್ಯಗಳನ್ನು ಆ ಜಾಗದಲ್ಲಿಟ್ಟಿದ್ದನೆಂಬುದು ಅವನು ತೀರಿಕೊಂಡ ಮೇಲೆ ಬಯಲಾಯಿತು. ಇಷ್ಟಾದರೂ ಜಗತ್ತು ಅವನ ಅಳತೆಯಲ್ಲೇ ಅಳೆಯುತ್ತಿದೆ.

ನಾವೂ ಒಬ್ಬ ಮಧ್ಯವರ್ತಿಯ ಮೂಲಕ ನಯಾ ಪೈಸೆಯನ್ನು ಕಳಿಸಿದೆವು. ಶುಲ್ಕ ನಾಣ್ಯದ ಬೆಲೆಗಿಂತ ಹೆಚ್ಚೆಂದು ಗೊತ್ತಿದ್ದೂ ಕಳಿಸಿದೆವು. ನಮ್ಮ ಪರಿಚಿತರೊಬ್ಬರು ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬರುವುದೆಂಬ ಫೋನ್ ಕರೆಯನ್ನು ನಂಬಿ, 'ನೋಂದಣಿ ಶುಲ್ಕ'ವೆಂದು ಪಿಂಚಣಿಯ ಹಣ ಕಟ್ಟಿ ಮೋಸಹೋಗಿದ್ದರು. ತನ್ನ ಹೆಸರಿನಲ್ಲಿ ಇಂಥ ಶುಲ್ಕ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ಆ ಕಹಿಯ ನಂತರ ನಮಗೆ ಬೇಕಾಗಿದ್ದದ್ದು ಬೆಲೆಯಲ್ಲ, ಯಾರಾದರೂ ಬಲ್ಲವರು ಇದು ನಿಜವೆಂದು ಬರೆದುಕೊಡುವುದು.

ತಿಂಗಳುಗಳ ನಂತರ ಪೆಟ್ಟಿಗೆ ಬಂದಿತು. ಓರೆಮುದ್ರೆ ಟಂಕಸಾಲೆಯ ದೋಷವೇ ಹೌದು ಎಂದಿತ್ತು. ಆದರೆ ಅಂಕಿ ಇರಲಿಲ್ಲ. ಅಂಕಿಯ ಜಾಗದಲ್ಲಿ 'ಡೀಟೇಲ್ಸ್', ಅಂದರೆ ನಾಣ್ಯವನ್ನು ತೊಳೆಯಲಾಗಿದೆ ಎಂಬ ಷರಾ. ಅರವತ್ತು ವರ್ಷಗಳಲ್ಲಿ ಕಂಚಿನ ಮೇಲೆ ಕಟ್ಟಬೇಕಾದ ಕಂದುಬಣ್ಣ ಅದರ ಮೇಲೆ ಇರಲಿಲ್ಲ. ಪ್ರತಿ ದೀಪಾವಳಿಯ ಲಕ್ಷ್ಮೀಪೂಜೆಗೆ ಮುನ್ನ ತಾಯಿಯವರು ದೇವರ ಪಾತ್ರೆಗಳ ಜೊತೆಗೆ ಅದನ್ನೂ ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗುತ್ತಿದ್ದರು. ನಾವು ವಿಷಯ ಹೇಳಿದಾಗ ಅವರು, "ದೇವರ ಮುಂದೆ ಇಡೋ ದುಡ್ಡನ್ನ ತೊಳೀದೆ ಇಡಕ್ಕಾಗತ್ತೇನೋ?" ಎಂದು ನಮ್ಮನ್ನೇ ಕೇಳಿದರು. ಆ ನಯಾ ಪೈಸೆ ತಮ್ಮ ಅತ್ತೆಯವರು ಕೊಟ್ಟದ್ದೆಂದೂ, ಓರೆಯಾಗಿದ್ದುದರಿಂದ ಅಂಗಡಿಯವನು ಒಲ್ಲೆನೆಂದು ಹಿಂದಿರುಗಿಸಿದ್ದನೆಂದೂ ಆಗ ಹೇಳಿದರು. ಅದು ನಮಗೆ ಅದುವರೆಗೆ ಗೊತ್ತಿರಲಿಲ್ಲ.

ಕಳೆದ ದೀಪಾವಳಿಗೆ ಪೆಟ್ಟಿಗೆಯೇ ಕಲಶದ ಪಕ್ಕ ಕೂತಿತು. ತಾಯಿಯವರು ಒದ್ದೆಬಟ್ಟೆಯಿಂದ ಪ್ಲಾಸ್ಟಿಕ್ಕನ್ನು ಒರೆಸಿ, 'ಡೀಟೇಲ್ಸ್' ಎಂಬ ಅಕ್ಷರಗಳ ಮೇಲೆಯೇ ಅರಿಶಿನ ಕುಂಕುಮ ಹಚ್ಚಿದರು.