ಉಗುರಿನ ಋಣ

ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ನನ್ನ ಅಣ್ಣನ ಮಗಳು ಕಳೆದ ದೀಪಾವಳಿಗೆ ಊರಿಗೆ ಬಂದಾಗ ಬುಟ್ಟಿಯೊಂದರಲ್ಲಿ ತನ್ನ ಪರ್ಷಿಯನ್ ಬೆಕ್ಕನ್ನೂ ತಂದಿದ್ದಳು. ಊರೆಂದರೆ ಬಸವಕಲ್ಯಾಣದ ಕಡೆಯ ಕೊಹಿನೂರ. ಹೆಸರು ಕೇಳಿದವರು ವಜ್ರವನ್ನು ನೆನೆಯುತ್ತಾರೆ. ನಮ್ಮಲ್ಲಿರುವುದು ಜೋಳ, ತೊಗರಿ, ಅವನ್ನು ತಿನ್ನುವ ಇಲಿ ಮತ್ತು ಇಲಿಯನ್ನು ತಿನ್ನುವ ಬೆಕ್ಕು. ಹತ್ತಿಯ ಉಂಡೆಯಂತಿದ್ದ ಆ ಅತಿಥಿಯನ್ನು ನೋಡಲು ಓಣಿಯ ಮಕ್ಕಳೆಲ್ಲ ನೆರೆದರು.

ರಾತ್ರಿ ಊಟವಾದ ಮೇಲೆ ಹುಡುಗಿ ಮೆಲ್ಲಗೆ ಕೇಳಿದಳು: “ಕಾಕಾ, ಇದರ ಉಗುರು ತೆಗೆಸಿಬಿಟ್ರ ಏನಾಗ್ತದ? ಸೋಫಾ ಎಲ್ಲಾ ಕಿತ್ತು ಇಟ್ಟದ. ಬೆಕ್ಕರ ಇರಬೇಕು, ಇಲ್ಲಾ ನೀವರ ಇರಬೇಕು ಅಂತಾರ ಮನಿ ಮಾಲಕರು.”

“ಉಗುರೇ ತಾನೆ, ತೆಗೆಸು” ಎಂದುಬಿಟ್ಟೆ. ಹಾಸಿಗೆಯಲ್ಲಿ ಮಲಗಿದ ಮೇಲೆ ಅರವತ್ತು ವರ್ಷಗಳ ಹಿಂದಿನ ಒಂದು ಬೆಕ್ಕು ನೆನಪಿಗೆ ಬಂದು ನಿದ್ದೆ ಕೆಡಿಸಿತು.

ಇತಿಹಾಸದಲ್ಲಿ ತುಸು ಆಸಕ್ತಿಯುಳ್ಳವನಾದ ನನಗೆ ಬೆಕ್ಕಿನ ಮಾತು ಬಂದರೆ ನಮ್ಮ ಕಲ್ಯಾಣವೇ ಎದುರಿಗೆ ನಿಲ್ಲುತ್ತದೆ. ಇಂದಿನ ಬಸವಕಲ್ಯಾಣವೇ ಅಂದಿನ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ಅಡುಗೆಯಿಂದ ಆನೆಯವರೆಗೆ ಇಲ್ಲದ ವಿಷಯವಿಲ್ಲ. ಭಾರತದಲ್ಲಿ ಚೀತಾವನ್ನು ಪಳಗಿಸಿ ಬೇಟೆಗೆ ಬಿಡುತ್ತಿದ್ದುದಕ್ಕೆ ದೊರೆತಿರುವ ಅತ್ಯಂತ ಹಳೆಯ ದಾಖಲೆ ಇದೇ ಗ್ರಂಥದ್ದೆಂದು ವಿದ್ವಾಂಸರ ಮತ. ಚೀತಾ ಎಂದರೆ ಬೆಕ್ಕಿನ ಕುಲದ್ದೇ. ಓಡುವ ಜಿಂಕೆಯನ್ನು ಅದು ಮುಂಗಾಲಿನ ಒಳಬದಿಯ ಕೊಕ್ಕೆಯುಗುರಿನಿಂದ ಎಡವಿಸಿ ಕೆಡಹುತ್ತದೆ. ಆ ಕಾಲದ ಅರಸನಿಗೆ ಬೆಕ್ಕು ಬೇಕಾಗಿದ್ದುದೇ ಉಗುರಿಗಾಗಿ!

ಹಾಗೆಂದು ಅಂದಿನವರು ದಯಾಳುಗಳೆಂದು ಹೇಳಲಾರೆ. ಚೀತಾ ಸೆರೆಯಲ್ಲಿ ಸುಲಭವಾಗಿ ಮರಿ ಹಾಕುವ ಪ್ರಾಣಿಯಲ್ಲ. ತಂದೆ ಅಕ್ಬರನ ಬಳಿ ಸಾವಿರ ಚೀತಾಗಳಿದ್ದುವೆಂದು ಬರೆದ ಜಹಾಂಗೀರನು, ಸೆರೆಯಲ್ಲಿ ಮರಿ ಹುಟ್ಟಿದ ಒಂದೇ ಪ್ರಸಂಗವನ್ನು ಅಚ್ಚರಿಯೆಂಬಂತೆ ದಾಖಲಿಸಿದ್ದಾನೆ. ಆದುದರಿಂದ ಸಾಕಿದ ಪ್ರತಿಯೊಂದನ್ನೂ ಕಾಡಿನಿಂದಲೇ ಹಿಡಿದು ತರಬೇಕಾಗಿತ್ತು. 1947ರಲ್ಲಿ ಕೊರಿಯಾ ಸಂಸ್ಥಾನದಲ್ಲಿ ಮೂರು ಚೀತಾಗಳು ಗುಂಡಿಗೆ ಬಲಿಯಾದುವು; 1952ರಲ್ಲಿ ಆ ಸಂತತಿಯೇ ದೇಶದಿಂದ ಅಳಿಯಿತೆಂದು ಸಾರಲಾಯಿತು. 2022ರಲ್ಲಿ ಆಫ್ರಿಕದಿಂದ ಚೀತಾಗಳನ್ನು ತಂದು ಕುನೋ ಕಾಡಿಗೆ ಬಿಡಬೇಕಾಯಿತು. ಮನುಷ್ಯನ ಮೋಜಿಗಾಗಿ ಪ್ರಾಣಿ ತೆರುವ ಬೆಲೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಮನೆಬೆಕ್ಕಿನ ಕತೆ ಬೇರೆ. ಕಾಳು ಕೂಡಿಟ್ಟಲ್ಲಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಪಕ್ಕದಲ್ಲಿಯೇ ಹೂಳಿದ ಬೆಕ್ಕಿನ ಎಲುಬುಗಳು ಸಿಕ್ಕಿವೆ. ಸಾವಿರಾರು ವರ್ಷ ಅದು ಉಗುರಿನಿಂದ ದುಡಿದು ಉಂಡಿತು. ‘ಜಾತಿ ಬೆಕ್ಕು’ ಎಂಬ ಮಾತು ತೀರ ಈಚಿನದು. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಹ್ಯಾರಿಸನ್ ವಿಯರ್ ಎಂಬವರು ದೊಡ್ಡ ಬೆಕ್ಕಿನ ಪ್ರದರ್ಶನ ನಡೆಸಿದ ಮೇಲೆ ವಂಶಾವಳಿ, ಬಹುಮಾನಗಳ ಹುಚ್ಚು ಬೆಳೆಯಿತು. ಕೂದಲು ಉದ್ದವಾಯಿತು, ಮೂಗು ಚಪ್ಪಟೆಯಾಯಿತು, ಉಸಿರಾಟ ಕಷ್ಟವಾಯಿತು. ಕಣಜದ ಕಾವಲುಗಾರ ಬೈಠಕ್‌ಖಾನೆಯ ಬೊಂಬೆಯಾದ ಮೇಲೆ ಅದರ ಉಗುರು ನಮಗೆ ದೋಷವಾಗಿ ಕಂಡಿತು.

ಇಪ್ಪತ್ತನೆಯ ಶತಮಾನದ ನಡುವಿನಿಂದ ಅಮೆರಿಕದಲ್ಲಿ ಉಗುರು ತೆಗೆಸುವ ಶಸ್ತ್ರಕ್ರಿಯೆ ರೂಢಿಗೆ ಬಂತು. ನನ್ನಂತೆ ‘ಉಗುರೇ ತಾನೆ’ ಎನ್ನುವವರು ತಿಳಿಯಬೇಕಾದುದೊಂದಿದೆ. ಬೆಕ್ಕಿನ ಉಗುರು ಬೆಳೆಯುವುದು ಬೆರಳಿನ ಕೊನೆಯ ಎಲುಬಿನಿಂದ. ಉಗುರು ಮತ್ತೆ ಬಾರದಂತೆ ಮಾಡಬೇಕಾದರೆ ಆ ಎಲುಬನ್ನೇ ಕತ್ತರಿಸಬೇಕು. ಮುಂಗಾಲುಗಳೆರಡರಲ್ಲಿ ಹತ್ತು ಬೆರಳು, ಹತ್ತು ತುಂಡು! ಬೆರಳ ಮೇಲೆಯೇ ನಡೆಯುವ ಪ್ರಾಣಿಗೆ ಇದೆಂಥ ಶಿಕ್ಷೆ! ಕೆಲವು ಬೆಕ್ಕುಗಳಿಗೆ ನೋವು ಬಹುಕಾಲ ಉಳಿಯುತ್ತದೆ. ಉಗುರಿಲ್ಲದ್ದು ಹಲ್ಲನ್ನು ನೆಚ್ಚಿ ಕಚ್ಚುವುದೂ ಉಂಟು.

ಇದನ್ನು ಸಮರ್ಥಿಸುವವರ ಮಾತಿನಲ್ಲೂ ಸತ್ವವಿಲ್ಲದೆ ಇಲ್ಲ. ಉಗುರು ಹೋದರೂ ಬೆಕ್ಕಿಗೆ ಮನೆ ಉಳಿಯಲಿ, ಬೀದಿಪಾಲಾಗುವುದು ತಪ್ಪಲಿ ಎನ್ನುತ್ತಾರೆ ಅವರು. ಆದರೆ ಮನೆಗೂ ಬೆರಳಿಗೂ ನಡುವೆ ಬೇರೆ ದಾರಿಯೇ ಇಲ್ಲದಿದ್ದರೆ ತಾನೆ ಆ ವಾದಕ್ಕೆ ಬಲ? 1987ರ ಯುರೋಪಿನ ಸಾಕುಪ್ರಾಣಿ ಒಪ್ಪಂದ ಇದನ್ನು ನಿಷೇಧಿಸಿತು. 2019ರಲ್ಲಿ ಅಮೆರಿಕದ ರಾಜ್ಯಗಳ ಪೈಕಿ ನ್ಯೂಯಾರ್ಕ್ ಮೊದಲನೆಯದಾಗಿ ನಿಷೇಧಿಸಿತು. ನಮ್ಮಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಪ್ರಾಣಿಯ ಅಂಗಚ್ಛೇದವನ್ನು ಕ್ರೌರ್ಯವೆಂದೇ ಎಣಿಸುತ್ತದೆ. ಮೊದಲ ತಪ್ಪಿಗೆ ಅದರಲ್ಲಿ ಗೊತ್ತುಮಾಡಿದ ದಂಡ ಮಾತ್ರ ಹತ್ತರಿಂದ ಐವತ್ತು ರೂಪಾಯಿ. ಕಾನೂನಿನ ಹೆದರಿಕೆಗಿಂತ ಮನಸ್ಸಿನ ಅಳುಕೇ ಇಲ್ಲಿ ಹೆಚ್ಚು ಕೆಲಸ ಮಾಡಬೇಕು.

ಇನ್ನು ಆ ಹಳೆಯ ಬೆಕ್ಕಿನ ಮಾತು. ನಾನು ಹತ್ತು ವರ್ಷದವನಿದ್ದಾಗ ಕಣಿಕೆ ಕತ್ತರಿಸುತ್ತಿದ್ದ ಕುಡಗೋಲಿನ ಕೆಳಗೆ ನಮ್ಮ ಮನೆಯ ಕರಿಬೆಕ್ಕಿನ ಮುಂಗಾಲು ಸಿಕ್ಕಿತು. ಕುಡಗೋಲು ನನ್ನ ಕೈಯಲ್ಲಿತ್ತು. ಅಮ್ಮ ಅರಿಸಿನ ಹಚ್ಚಿದಳು. ಗಾಯ ಮಾಯಿತು, ಬೆರಳು ಬರಲಿಲ್ಲ. ಒಂದು ಸಂಜೆ ನಾಯಿಗಳು ಅಟ್ಟಿದಾಗ ಅದು ಅಂಗಳದ ಬೇವಿನ ಮರಕ್ಕೆ ಹಾರಿತು. ಹಿಡಿತ ಸಿಗದೆ ಜಾರಿತು. ಮತ್ತೆ ಹಾರಿತು. ಮೂರನೆಯ ಸಲ ಹಾರಲು ನಾಯಿಗಳು ಬಿಡಲಿಲ್ಲ.

ಬೆಳಿಗ್ಗೆ ಹುಡುಗಿಗೆ ಇದನ್ನು ಹೇಳಿದೆ. ಅವಳು ಮಾತಾಡದೆ ಬೆಕ್ಕಿನ ಪಂಜವನ್ನು ಒಂದೊಂದಾಗಿ ಸವರಿದಳು. ಆಮೇಲೆ ಇಬ್ಬರೂ ಕೂಡಿ ಒಂದು ಜಾಲಿಯ ಬೊಡ್ಡೆಗೆ ತೆಂಗಿನ ನಾರಿನ ಹಗ್ಗ ಸುತ್ತಿದೆವು. ಬೆಕ್ಕು ಕೆರೆಯುವುದು ಹಟಕ್ಕಲ್ಲ. ಉಗುರಿನ ಹಳೆಯ ಪೊರೆ ಕಳಚಲು, ಮೈ ಚಾಚಲು, ತನ್ನ ವಾಸನೆ ಬಿಡಲು. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಒಳಗೆ ಕಾಣುವ ಕೆಂಪನ್ನು ಮುಟ್ಟದಂತೆ ತುದಿಯನ್ನಷ್ಟೇ ಕತ್ತರಿಸಿದರೆ ಸಾಕು. ಸೋಫಾಕ್ಕೆ ದಪ್ಪ ಖಾದಿಯ ಹೊದಿಕೆ ನನ್ನ ದೀಪಾವಳಿ ಉಡುಗೊರೆ.

ಬೊಡ್ಡೆ ಬಸ್ಸಿನ ಮೇಲೇರಿ ಬೆಂಗಳೂರಿಗೆ ಹೋಯಿತು. ಮನೆ ಮಾಲಕರು ಇನ್ನೂ ಗೊಣಗುತ್ತಾರಂತೆ. ಬೆಕ್ಕು ಮಾತ್ರ ಈಗ ಬೊಡ್ಡೆಯನ್ನೇ ಕೆರೆಯುತ್ತದಂತೆ. ನಮ್ಮ ಅಂಗಳದ ಬೇವಿನ ಮರ ಇನ್ನೂ ಇದೆ. ಅದರ ಬುಡದಲ್ಲಿ ಕುಳಿತಾಗ ನನ್ನ ಹಳೆಯ ಸಾಲದಲ್ಲಿ ಒಂದು ಕಂತು ಸಂದಿತೆಂದು ಅನಿಸುತ್ತದೆ.