ಬಂಡೆಯೊಳಗಿನ ಮೆರುಗು

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಸೀಮೆಯ ಬಂಡೆಯ ಚೂರೊಂದನ್ನು ಬಿಸಿಲಿಗೆ ಹಿಡಿದರೆ ಮೂರು ಬಗೆಯ ಹರಳು ಕಾಣುತ್ತವೆ. ಬಿಳಿ ಅಥವಾ ನಸುಗೆಂಪಿನದು ಫೆಲ್ಡ್‌ಸ್ಪಾರ್, ಗಾಜಿನ ಹಾಗೆ ಮಿನುಗುವುದು ಬೆಣಚು, ಕಪ್ಪು ಚುಕ್ಕಿ ಅಭ್ರಕ. ಪಿಂಗಾಣಿ ಬಟ್ಟಲಿನ ಮೆರುಗಿಗೆ ಬೇಕಾದ ಮುಖ್ಯ ಸಾಮಗ್ರಿಯೂ ಮೊದಲೆರಡೇ. ಆದರೂ ಬಯಲುಸೀಮೆಯ ಕುಂಬಾರರು ತಲೆಮಾರುಗಳಿಂದ ಮೆರುಗಿಲ್ಲದ ಮಡಕೆಯನ್ನೇ ಮಾಡುತ್ತ ಬಂದರು.

ಕಾರಣ ಬೆಂಕಿಯಲ್ಲಿದೆ. ಹುಲ್ಲು, ಬೆರಣಿ, ಸೌದೆ ಒಟ್ಟಿ ಸುಡುವ ಆವಿಗೆಯ ಕಾವು ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್‌. ಫೆಲ್ಡ್‌ಸ್ಪಾರ್ ಕರಗಿ ಗಾಜಾಗಲು 1,200 ಡಿಗ್ರಿಯ ಆಸುಪಾಸು ಬೇಕು. ಇನ್ನೊಂದು ಕಾರಣ ಬಳಕೆಯಲ್ಲಿದೆ: ಮಡಕೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾದರಷ್ಟೇ ಒಳಗಿನ ನೀರು ತಂಪು. ಮೆರುಗಿಲ್ಲದ ಮಡಕೆಯನ್ನು ಹಿಂದುಳಿದ ಕಸುಬು ಎನ್ನುವವರು ಏಪ್ರಿಲ್ ತಿಂಗಳ ಚಿಕ್ಕಬಳ್ಳಾಪುರವನ್ನು ಮರೆತಿರುತ್ತಾರೆ. ಹೊಳಪು ಬೇಕೆನಿಸಿದಾಗ ಅದಕ್ಕೂ ದಾರಿಯಿತ್ತು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಸಿಕ್ಕ ಬೃಹತ್‌ಶಿಲಾಯುಗದ ಕಪ್ಪು-ಕೆಂಪು ಪಾತ್ರೆಗಳು ಇಂದಿಗೂ ಮಿರುಗುತ್ತವೆ. ಅದು ಉಜ್ಜಿ ಉಜ್ಜಿ ತಂದ ನುಣುಪು, ಗಾಜಿನ ಲೇಪವಲ್ಲ.

ಕನ್ನಡ ನೆಲದಲ್ಲಿ ಗಾಜುಲೇಪದ ವೈಭವ ನೋಡಲು ಬೀದರಿಗೇ ಹೋಗಬೇಕು. ಇರಾನಿನ ಗೀಲಾನ್‌ನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಗೋಡೆಯಲ್ಲೂ ಉಳಿದಿರುವ ಒಂಟಿ ಮಿನಾರಿನಲ್ಲೂ ಬಣ್ಣದ ಬಿಲ್ಲೆಗಳು ಇನ್ನೂ ಕಚ್ಚಿಕೊಂಡಿವೆ. ನೀಲಿ, ಹಸಿರು, ಹಳದಿ, ಬಿಳಿ. ಮಿನಾರಿನ ಮೈಮೇಲೆ ಅವು ಅಂಕುಡೊಂಕಾಗಿ ಹತ್ತುತ್ತವೆ. ಅಷ್ಟೂರಿನಲ್ಲಿರುವ ಎರಡನೆಯ ಅಲಾವುದ್ದೀನನ ಗೋರಿಯ ಮೇಲೂ ಇದೇ ಕುಸುರಿಯ ಅವಶೇಷಗಳಿವೆ. ಇರಾನೀ ಪದ್ಧತಿಯ ಇಂಥ ಕೆಲಸದಲ್ಲಿ ಕಡುನೀಲಿಗೆ ಕೋಬಾಲ್ಟ್, ಬಿಳಿಗೆ ತವರ. ತಾಮ್ರದ ನಡತೆ ಮಾತ್ರ ಬೆರಗು ಹುಟ್ಟಿಸುವಂಥದ್ದು: ಸೋಡಾ ಹೆಚ್ಚಿರುವ ಲೇಪದಲ್ಲಿ ಅದು ನವಿಲುಗರಿಯ ನೀಲಿ, ಸೀಸ ಹೆಚ್ಚಿರುವ ಲೇಪದಲ್ಲಿ ಎಲೆಹಸಿರು. ಬಣ್ಣ ಲೋಹವೊಂದರ ಗುಣವಷ್ಟೇ ಅಲ್ಲ, ಅದು ಕರಗಿದ ಗಾಜಿನ ಗುಣವೂ ಹೌದು ಎಂಬ ತಿಳಿವಳಿಕೆ ಆ ಕುಶಲಕರ್ಮಿಗಳ ಕೈಯಲ್ಲಿತ್ತು. ಸೋಡಾ, ಸೀಸಗಳ ಬಲದಿಂದ ಅವರು ಕಡಿಮೆ ಕಾವಿನಲ್ಲೇ ಮೆರುಗು ತಂದರು. ಆದರೆ ಆ ವಿದ್ಯೆ ಅರಮನೆ, ಗೋರಿಗಳ ಗೋಡೆಗಳಲ್ಲೇ ನಿಂತಿತು. ಹಳ್ಳಿಯ ತಿಗರಿಯ ತನಕ ಇಳಿಯಲಿಲ್ಲ.

ಎರಡನೆಯ ಸಲ ಮೆರುಗು ಬಂದದ್ದು ವಿದ್ಯುತ್ತಿನ ಬೆನ್ನು ಹಿಡಿದು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು, ಮುಂದೆ ಊರೂರಿಗೆ ಕಂಬಗಳು ನಡೆದವು. ಕಂಬಕ್ಕೆ ತಂತಿ ಹಿಡಿಸಲು ಪಿಂಗಾಣಿಯ ಇನ್ಸುಲೇಟರ್ ಬೇಕಲ್ಲ? ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1930ರ ದಶಕದಲ್ಲಿ, ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ನಡೆಸಿತು. ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆಯ) ಬಳಿಯ ಆ ಕಾರ್ಖಾನೆ 1970ರ ದಶಕದಲ್ಲಿ ಬಿಎಚ್‌ಇಎಲ್ ಸೇರಿತು. ಇನ್ಸುಲೇಟರಿನ ಕಂದು ಬಣ್ಣಕ್ಕೆ ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂ ಆಕ್ಸೈಡುಗಳ ಬೆರಕೆ ಕಾರಣ. ನುಣುಪಾದ ಲೇಪದ ಮೇಲೆ ಧೂಳು ನಿಲ್ಲದೆ ಮಳೆಗೆ ತೊಳೆದುಹೋಗುತ್ತದೆ. ತಣಿಯುವಾಗ ಲೇಪ ಒಡಲಿಗಿಂತ ತುಸು ಕಡಿಮೆ ಕುಗ್ಗುವಂತೆ ಬೆರೆಸಿದರೆ ಪಿಂಗಾಣಿಯ ಬಲವೂ ಹೆಚ್ಚುತ್ತದೆ.

ಕೈಕುಸುರಿಯ ಸ್ಟುಡಿಯೋ ಕುಂಬಾರಿಕೆಗೆ ದಕ್ಷಿಣದಲ್ಲಿ ದೊಡ್ಡ ನೆಲೆಯಾದದ್ದು ರೇ ಮೀಕರ್, ಡೆಬೊರಾ ಸ್ಮಿತ್ 1971ರಲ್ಲಿ ಪುದುಚೇರಿಯಲ್ಲಿ ತೆರೆದ ಗೋಲ್ಡನ್ ಬ್ರಿಡ್ಜ್ ಪಾಟರಿ. ಇತ್ತ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯಿದೆ. ಸ್ಟುಡಿಯೋಗಳಲ್ಲಿ ಇಂಗ್ಲೆಂಡಿನ ಬರ್ನಾರ್ಡ್ ಲೀಚ್ ಹೆಸರಿನಲ್ಲಿ ಓಡಾಡುವ ಒಂದು ಅಳತೆ ಪ್ರಸಿದ್ಧ: ಫೆಲ್ಡ್‌ಸ್ಪಾರ್ ನಾಲ್ಕು ಪಾಲು, ಬೆಣಚಿನ ಪುಡಿ ಮೂರು, ಸುಣ್ಣಕಲ್ಲಿನ ಪುಡಿ ಎರಡು, ಬಿಳಿಜೇಡಿ ಒಂದು. ನೀರಿನಲ್ಲಿ ಕಲಸಿ, ಜರಡಿ ಹಿಡಿದು, ಬಟ್ಟಲನ್ನು ಅದ್ದಿ 1,280 ಡಿಗ್ರಿಯ ಸುತ್ತಮುತ್ತ ಸುಟ್ಟರೆ ತಿಳಿಗಾಜಿನ ಮೆರುಗು. ಫೆಲ್ಡ್‌ಸ್ಪಾರ್, ಬೆಣಚು ನಮ್ಮ ಬಂಡೆಗಳಲ್ಲಿವೆ, ಸುಣ್ಣಕಲ್ಲು ಬಾಗಲಕೋಟೆ, ಕಲಬುರಗಿಗಳಲ್ಲಿ, ಬಿಳಿಜೇಡಿ ಹಾಸನ ಜಿಲ್ಲೆಯ ಬಾಗೇಶಪುರದಲ್ಲಿ.

ಬಣ್ಣದ ಲೋಹಗಳೂ ದೂರದವಲ್ಲ. ಸಂಡೂರಿನಲ್ಲಿ ಮ್ಯಾಂಗನೀಸ್, ಹಾಸನದ ಬೈರಾಪುರದಲ್ಲಿ ಕ್ರೋಮೈಟ್, ಕಬ್ಬಿಣವಂತೂ ಬಾಬಾಬುಡನ್‌ಗಿರಿಯಲ್ಲಿ ಧಾರಾಳ. ಗೂಡಿನಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟರೆ ನೂರಕ್ಕೆ ಒಂದೆರಡು ಪಾಲಿನ ಕಬ್ಬಿಣ ತಿಳಿಹಸಿರು ಕೊಡುತ್ತದೆ. ಎಂಟು-ಹತ್ತು ಪಾಲಾದರೆ ಕಪ್ಪುಗಂದು. ಕೋಬಾಲ್ಟ್ ಒಂದು ಪಾಲು ಸಾಕು, ಕಡುನೀಲಿ ಸಿದ್ಧ.

ಲೇಪ ಬೆರೆಸುವವರು ಮೂಗುಬಾಯಿಗೆ ಮುಖಗವಸು ಹಾಕಿಕೊಳ್ಳಲೇಬೇಕು, ಬೆಣಚಿನ ಧೂಳು ಶ್ವಾಸಕೋಶ ಕೆಡಿಸುತ್ತದೆ. ಸೀಸದ ಲೇಪ ಊಟದ ಪಾತ್ರೆಗೆ ಸಲ್ಲದು. ಹುಳಿ ಅದನ್ನು ಕರಗಿಸಿ ಹೊಟ್ಟೆಗೆ ಇಳಿಸುತ್ತದೆ. ಹುಣಿಸೆ, ಮೊಸರು, ಉಪ್ಪಿನಕಾಯಿ ದಿನವೂ ಬಳಸುವ ನಮ್ಮ ಅಡುಗೆಮನೆಗೆ ಈ ಮಾತು ಬಹಳ ಮುಖ್ಯ. ಹೊಸ ಬಣ್ಣ ಗೂಡಿನಿಂದ ಹೊರಬಂದಾಗ ಕುಂಬಾರರು ಅದರ ಮೇಲೆ ನಿಂಬೆಹೋಳು ಇಟ್ಟು ಹಾಗೇ ಬಿಡುವುದುಂಟು. ಮಾರನೆಯ ದಿನ ಹೋಳಿನ ಅಡಿ ಬಣ್ಣ ಮಾಸಿದ್ದರೆ ಆ ಲೇಪ ಹೂದಾನಿಗೆ, ಮಾಸದಿದ್ದರೆ ಪ್ರಯೋಗಾಲಯದ ಪರೀಕ್ಷೆಗೆ.