ಜುಟ್ಟು ಹೋಗಿ ತೆನಿ ಉಳೀತು

ಹೋದ ದಸರಿಗಿ ಶಹಾಪುರ ಕಡಿ ನಮ್ಮ ಹಳ್ಳಿ ಮನಿಗಿ ಹೋಗಿದ್ದೆ. ಅತ್ತಿ ತೀರಿಕೊಂಡ ಮ್ಯಾಲ ನಾಲ್ಕು ವರ್ಷ ಮನಿಗಿ ಕೀಲಿನ. ಹಿತ್ತಲದಾಗ ಅಕಿ ಹಚ್ಚಿದ್ದ ಹುಂಜದ ಜುಟ್ಟಿನ ಹೂ ಹರಕೊಂಡು ಬರೋಣಂತ ನೋಡಿದ್ರ, ಗಿಡ ಭಾಳ ಅದಾವ, ಜುಟ್ಟ ಇಲ್ಲ! ಮೊದಲು ಅಂಗೈ ಅಗಲ, ಮಖಮಲ್ಲಿನಂಗ ಮಡಿಕಿ ಮಡಿಕಿ ಇರತಿದ್ದ ಹೂ ಈಗ ಬೆರಳಿನಷ್ಟು ತೆನಿ ಆಗಿತ್ತು. ಎರಡು ಗಿಡದ ತುದ್ಯಾಗ ಅಷ್ಟ ಸ್ವಲ್ಪ ಅಗಲ ಉಳಿದಿತ್ತು. ಬಾಜೂ ಮನಿಯಾಕಿ ನೋಡಿ, "ಹೂವಿನ ಗಿಡ ಹೊಲದ ಕಸ ಆಗ್ಯಾದ ನೋಡವ್ವ" ಅಂದಳು.

ಅಕಿ ಅಂದದ್ದು ಖರೇನ ಅದ. ಜ್ವಾಳದ ಹೊಲದಾಗ, ಬದುವಿನ ಮ್ಯಾಲ ಬಿಳಿ-ಗುಲಾಬಿ ತೆನಿ ಬಿಡೋ ಗಿಡ ನೀವೆಲ್ಲ ನೋಡೀರಿ. ಪುಸ್ತಕದಾಗ ಅಣ್ಣೆ ಸೊಪ್ಪು ಅಂತಾರ, ಎಳೀ ಎಲಿ ಪಲ್ಯಾಕ್ಕ ಬರತದ. ನಮ್ಮ ಜುಟ್ಟಿನ ಹೂವಿನ ತವರುಮನಿ ಅದ. 1753ರಾಗ ಸ್ವೀಡನ್ನಿನ ಲಿನೇಯಸ್ ಗಿಡಗಳಿಗಿ ಹೆಸರಿಡುವಾಗ ಈ ಎರಡೂ ಬ್ಯಾರೆ ಬ್ಯಾರೆ ಜಾತಿ ಅಂತ ಬರದ. 1891ರಾಗ ಕುಂಟ್ಸೆ ಅನ್ನೋ ಜರ್ಮನ್ ಸಸ್ಯಶಾಸ್ತ್ರಜ್ಞ, ಜುಟ್ಟಿನದು ಹೊಲದ ಗಿಡದ್ದ ಒಂದು ಬಗಿ ಅಂತ ಸೇರಿಸಿದ. ನಮ್ಮ ನೆರೆಮನಿಯಾಕಿ ಹಿತ್ತಲದಾಗ ನಿಂತು ಹೇಳಿದ್ದೂ ಅದನ್ನ.

ಜುಟ್ಟು ಹ್ಯಾಂಗ ಬಂತು? ಗಿಡದ ಬೆಳೆಯೋ ತುದಿ ಒಂದು ಚುಕ್ಕಿ ಇದ್ದಂಗ ಇರತದ. ಯಾವಾಗರ ಅದು ಎಡವಿ ಚುಕ್ಕಿ ಬದಲಿ ಉದ್ದಾನ ಗೆರಿ ಆದ್ರ, ತೆನಿ ಚಪ್ಪಟಿಯಾಗಿ ಜುಟ್ಟಾಗತದ. ಹೊಲದಾಗ ಹಂಗ ಹುಟ್ಟಿದ್ದು ಹಂಗ ಸಾಯತದ. ಆದ್ರ ಯಾವ ಕಾಲದಾಗೋ ಯಾರೋ "ಇದು ಚಂದ ಅದ" ಅಂತ ಅದರ ಬೀಜ ಎತ್ತಿಟ್ಟರು. ಮುಂದಿನ ವರ್ಷ ಅದರಾಗ ದೊಡ್ಡದನ್ನ ಆರಿಸಿದರು. ಹಿಂಗ ನೂರಾರು ವರ್ಷ. ಅವರ ಹೆಸರು ಯಾವ ಪುಸ್ತಕದಾಗೂ ಇಲ್ಲ.

ನಮ್ಮ ಅತ್ತೀನೂ ಅದನ್ನ ಮಾಡತಿದ್ದಳು. ಎಲ್ಲಕ್ಕಿಂತ ದೊಡ್ಡ ಜುಟ್ಟು ದೇವರಿಗಿ ಏರಸ್ತಿರಲಿಲ್ಲ. "ಅದು ಬೀಜಕ್ಕ, ಮುಟ್ಟಬ್ಯಾಡ" ಅಂತ ಬೈತಿದ್ದಳು. ಗಿಡದಾಗ ಒಣಗಿಸಿ, ಬಟ್ಟಿ ಮ್ಯಾಲ ಉಜ್ಜಿ, ಸಾಸಿವಿಗಿಂತ ಸಣ್ಣ ಕರಿ ಬೀಜ ಬೂದ್ಯಾಗ ಕಲಿಸಿ ಗಂಟು ಕಟ್ಟತಿದ್ದಳು. ಮಳಿಗಾಲಕ್ಕ ತಿಪ್ಪಿ ಗೊಬ್ಬರ ಹಾಕಿ ಸಸಿ ಮಾಡಿ, ಸಣ್ಣ ತೆನಿ ಬಂದ ಗಿಡ ಬೀಜ ಆಗೂದರೊಳಗ ಕಿತ್ತಿ ಒಗಿತಿದ್ದಳು. ಮದುವ್ಯಾಗಿ ಬಂದ ಹೊಸದಾಗಿ ನನಗ ಅದು ಜಿಪುಣತನ ಅನಸ್ತಿತ್ತು.

ಅಕಿ ಹೋದ ಮ್ಯಾಲ ಬೀಜ ತಾನ ಉದುರಿತು, ತಾನ ಹುಟ್ಟಿತು. ಗೊಬ್ಬರಿಲ್ಲ, ನೀರಿಲ್ಲ, ಹಸಿದ ಗಿಡಕ್ಕ ದೊಡ್ಡ ಜುಟ್ಟು ಕಟ್ಟೂದು ಆಗೂದಿಲ್ಲ. ಕೀಳಾವರಿಲ್ಲ ಅಂದ್ರ ಸಣ್ಣ ತೆನಿ ಗಿಡದ ಬೀಜಾನೂ ಬೀಳತದ. ಗಿಡ ತನ್ನ ಆಯುಷ್ಯದಾಗ ಬದಲಾಗಿಲ್ಲ, ಪೀಳಿಗಿ ಬದಲಾಗ್ಯಾದ. ಡಾರ್ವಿನ್ 1868ರಾಗ ಸಾಕಿದ ಪ್ರಾಣಿ, ಬೆಳೆಸಿದ ಗಿಡದ ಮ್ಯಾಲ ಬರೆದ ಪುಸ್ತಕದಾಗ ಹಿಂಗ ಮೂಲಕ್ಕ ಹೊಳ್ಳೂದಕ್ಕಂತನ ಒಂದು ಅಧ್ಯಾಯ ಇಟ್ಟಾನ. ಸುತ್ತ ಸುತ್ತ ಎಸಳಿನ ಕರ್ಣಕುಂಡಲಾನೂ ಬೀಜ ಆರಸದಿದ್ರ ವರ್ಷ ಹೋದಂಗ ಒಂದ ಸುತ್ತಿನ ಹೂವಿಗಿ ಬರತದ.

ಹಂಗಂತ ಹೊಲದ ತೆನಿ ಕೀಳ ಅಲ್ಲ. ತೆಲಂಗಾಣದಾಗ ಅದಕ್ಕ ಗುನುಗು ಅಂತಾರ, ಅದಿಲ್ಲದ ಬತುಕಮ್ಮ ಇಲ್ಲ. 1956ರ ತನಕ ನಮ್ಮ ಯಾದಗಿರಿ, ಶಹಾಪುರ, ಸುರಪುರಾನೂ ಅವರ ಜೋಡಿ ಹೈದರಾಬಾದ್ ರಾಜ್ಯದಾಗ ಇದ್ದವು. ಅಲ್ಲಿ ಹೆಣ್ಣುಮಕ್ಕಳು ಆ ತೆನಿಗಿ ಬಣ್ಣ ಅದ್ದಿ, ತಂಗಡಿ ಹೂವಿನ ಜೋಡಿ ಗೋಪುರದಂಗ ಒಟ್ಟತಾರ. 2014ರಾಗ ಅದು ಅವರ ರಾಜ್ಯದ ಹಬ್ಬ ಆತು. ನಾವು ಕಸ ಅಂದದ್ದು ಅಲ್ಲಿ ಗೌರಿ.

ಆದ್ರೂ ಹೊಲದ ತೆನಿ ಯಾರೂ ನೋಡದಿದ್ರೂ ಬದುಕತದ, ಜುಟ್ಟು ಹಂಗ ಬದುಕೂದಿಲ್ಲ. ಅದು ಅತ್ತಿ ಕೈಯಾಗ ಇತ್ತು. ನಾವು ಬೆಂಗಳೂರು, ಹೈದರಾಬಾದಿಗಿ ದುಡ್ಯಾಕ ಬರುವಾಗ ಭಾಂಡೆ ತಂದೀವಿ, ಹಾಸಿಗಿ ತಂದೀವಿ, ಬೀಜದ ಗಂಟು ತರಲಿಲ್ಲ.

ತುದಿ ಸ್ವಲ್ಪ ಅಗಲ ಉಳಿದಿದ್ದ ಆ ಎರಡು ಗಿಡದ ಬೀಜ ಒರಸಿ ತಂದೀನಿ. ಈ ಮಳಿಗಾಲಕ್ಕ ಕುಂಡದಾಗ ಹಾಕತೀನಿ. ನಿಮ್ಮ ಹಿತ್ತಲದಾಗ ಅಗಲ ಜುಟ್ಟು ಇನ್ನೂ ಇದ್ರ, ಈ ಸಲ ಎಲ್ಲಕ್ಕಿಂತ ದೊಡ್ಡದನ್ನ ದೇವರಿಗಿ ಏರಸಬ್ಯಾಡ್ರಿ. ಬೀಜಕ್ಕ ಬಿಡ್ರಿ, ನನಗೂ ಒಂದು ಚಿಟಿಕಿ ಇಡ್ರಿ.